ಗುಟ್ಟಿನ ಗಿರಾಕಿ

ಸೊಸೆ ಹೋಟೆಲಿನಲ್ಲಿ ತಿನ್ನುತ್ತಿದ್ದಾಳೆಂಬುದು ನಾಗರತ್ನಮ್ಮನವರಿಗೆ ಗೊತ್ತಾದದ್ದು ಅವಳು ಮನೆಯಲ್ಲಿ ಉಣ್ಣುವುದನ್ನು ಕಡಿಮೆ ಮಾಡಿದ್ದರಿಂದ. ಅದೂ ಒಂದೇ ಏಟಿಗೆ ಗೊತ್ತಾಗಲಿಲ್ಲ. ಮದುವೆಯಾಗಿ ಮೂರು ವರ್ಷವಾದ ಸೊಸೆ ಮುದ್ದೆ ಮುರಿಯದೆ ಎದ್ದುಹೋದರೆ, ಒಗ್ಗರಣೆಯ ವಾಸನೆಗೇ ಮುಖ ತಿರುಗಿಸಿದರೆ ಯಾವ ಅತ್ತೆ ತಾನೇ ಏನೆಂದುಕೊಂಡಾಳು? ನಾಗರತ್ನಮ್ಮನವರೂ ಅದನ್ನೇ ಅಂದುಕೊಂಡರು. ಗಂಡ ಮರುಳಸಿದ್ದಯ್ಯನವರ ಕಿವಿಯಲ್ಲಿ ಊದಿದರು. ಸಂತೆಯಿಂದ ಎಳೆ ಮಾವಿನಕಾಯಿ ತರಿಸಿ ಉಪ್ಪುಖಾರ ಹಚ್ಚಿಟ್ಟರು. ನೀರು ಹೊರುವ ಕೆಲಸದಿಂದ ಸೊಸೆಯನ್ನು ಬಿಡಿಸಿ ತಾವೇ ಬಿಂದಿಗೆ ಹಿಡಿದರು. ಸೊಸೆ ಲೋಹಿತಾ ಇದೇನೆಂದು ತಿಳಿಯದೆ, ಅತ್ತೆಗೆ ಇದ್ದಕ್ಕಿದ್ದ ಹಾಗೆ ತನ್ನ ಮೇಲೆ ಯಾಕಿಷ್ಟು ಅಕ್ಕರೆ ಎಂದು ಒಳಗೊಳಗೇ ಹೆದರಿದಳು.

ಒಂದು ಮಧ್ಯಾಹ್ನ, ಡಾಕ್ಟರ ಹತ್ತಿರ ಹೋಗಿ ಬರೋಣ ಎಂದು ನಾಗರತ್ನಮ್ಮ ಸೀರೆ ಬದಲಾಯಿಸಿಯೇ ನಿಂತಾಗ ಗುಟ್ಟು ಹೊರಬಿತ್ತು.

"ಅತ್ತೆ, ನೀವಂದ್ಕೊಂಡಂಗೆ ಏನೂ ಇಲ್ಲ" ಎಂದಳು ಲೋಹಿತಾ. "ನಾನು ಹೊಟ್ಟೆ ತುಂಬಾ ಹೋಟ್ಲಲ್ಲಿ ತಿಂದು ಬಂದಿರ್ತೀನಿ. ಅದೇ ನನ್ ಕೆಲ್ಸ."

ನಾಗರತ್ನಮ್ಮನವರಿಗೆ ಮೊಮ್ಮಗು ಇಲ್ಲವೆಂಬ ದುಃಖ ಮೊದಲು ಬಂತೋ, ಹೋಟೆಲೆಂಬ ಸಿಟ್ಟು ಮೊದಲು ಬಂತೋ ಹೇಳುವುದು ಕಷ್ಟ. ಎರಡೂ ಒಟ್ಟಿಗೇ ಬಂದು, ಆಕೆ ಉಟ್ಟ ಸೀರೆಯಲ್ಲೇ ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟರು.

ಮಧುಗಿರಿಯಲ್ಲಿ ಅವರದು ಹಳೆಯ ಜಂಗಮರ ಮನೆ. ಲಿಂಗಪೂಜೆ ಆಗದೆ ಯಾರೂ ಬಾಯಿಗೆ ನೀರು ಹಾಕುವುದಿಲ್ಲ. ಹೊರಗೆ ಹೊರಟರೆ ಬುತ್ತಿ ಮನೆಯದೇ. ಅದರಲ್ಲೂ ನಾಗರತ್ನಮ್ಮನವರದು ಒಂದು ಕೈ ಮೇಲು. ಗಂಡನ ಕಣ್ಣಿನ ಆಪರೇಷನ್ನಿಗೆಂದು ಬೆಂಗಳೂರಿನಲ್ಲಿ ವಾರವಿಡೀ ಇದ್ದಾಗಲೂ ರೊಟ್ಟಿ, ಚಟ್ನಿಪುಡಿ, ಕೊನೆಗೆ ಅವಲಕ್ಕಿಯಲ್ಲೇ ದಿನ ನೂಕಿದವರು. ಹೋಟೆಲಿನ ನೀರನ್ನೂ ಮುಟ್ಟದವರು ಎಂದು ನೆಂಟರಿಷ್ಟರಲ್ಲಿ ಹೆಸರಾಗಿತ್ತು. ಹೆಣ್ಣು ಕೊಡಲು ಬಂದವರು, ಮಠದ ಅಯ್ಯನವರು, ಗಂಡನ ಅಕ್ಕ ಶಿರಾದ ಕರಿಬಸಮ್ಮ, ಎಲ್ಲರೂ ಆ ಮಾತು ಆಡುತ್ತಿದ್ದರು. ಕೇಳಿದಾಗ ನಾಗರತ್ನಮ್ಮ ಏನೂ ಗೊತ್ತಿಲ್ಲದವರಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಆದರೆ ಯಾರಾದರೂ ಆ ಮಾತು ಆಡುವುದನ್ನು ಮರೆತರೆ ತಾವೇ ನೆನಪಿಸುತ್ತಿದ್ದರು.

ಆ ದಿನ ರಾತ್ರಿಯೂಟಕ್ಕೆ ಕೂತಾಗ ಲೋಹಿತಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಹೆದ್ದಾರಿಯಲ್ಲೂ ಸುತ್ತಲ ಊರುಗಳಲ್ಲೂ ಒಬ್ಬರೇ ಮಾಲೀಕರ ಹೋಟೆಲುಗಳಿವೆ. ಅಲ್ಲಿ ಹೇಗೆ ಬಡಿಸುತ್ತಾರೆ, ಮೇಜು ಒರೆಸುತ್ತಾರೋ ಇಲ್ಲವೋ, ಬಂದವರನ್ನು ಹೇಗೆ ಮಾತಾಡಿಸುತ್ತಾರೆ ಎಂದು ಮಾಲೀಕರಿಗೆ ತಿಳಿಯಬೇಕು. ಅವರೇ ಹೋದರೆ ಎಲ್ಲರೂ ಕೈಕಟ್ಟಿ ನಿಲ್ಲುತ್ತಾರೆ, ನಿಜ ಕಾಣುವುದಿಲ್ಲ. ಅದಕ್ಕೆ ತುಮಕೂರಿನ ಒಂದು ಕಚೇರಿಯವರು ಗುಟ್ಟಾಗಿ ಗಿರಾಕಿಗಳನ್ನು ಕಳಿಸುತ್ತಾರೆ. ಗಿರಾಕಿ ಸುಮ್ಮನೆ ಹೋಗಿ ತಿಂದು, ನೋಡಿದ್ದನ್ನು ನೋಡಿದ ಹಾಗೆ ಬರೆದು ಕಳಿಸಬೇಕು. ತಾನು ಯಾರೆಂದು ಯಾರಿಗೂ ಹೇಳಬಾರದು, ಅಲ್ಲಿ ಜಗಳ ಆಡಬಾರದು. ತಿಂದ ಬಿಲ್ಲೂ ಸಿಗುತ್ತದೆ, ಕೂಲಿಯೂ ಸಿಗುತ್ತದೆ.

"ಅಂದ್ರೆ ತಿಂದಿದ್ದಕ್ಕೆ ಸಂಬಳ" ಎಂದರು ಮರುಳಸಿದ್ದಯ್ಯ. "ನಮ್ ಕಾಲ್ದಾಗೆ ಇಂಥ ಕೆಲ್ಸ ಇದ್ದಿದ್ರೆ ನಾನು ಪಾತ್ರೆ ಅಂಗಡಿ ಯಾಕೆ ಇಕ್ತಿದ್ದೆ."

ನಾಗರತ್ನಮ್ಮ ಗಂಡನನ್ನು ನೋಡಿದ ನೋಟಕ್ಕೆ ಅವರು ಮಜ್ಜಿಗೆ ಕುಡಿದು ಎದ್ದರು. ಮಗ ಚಿರಂಜೀವಿ ಏಳಲಿಲ್ಲ. ಪಾತ್ರೆ ಅಂಗಡಿಯಲ್ಲಿ ಈಗ ಅವನೇ ಕೂರುವುದು. ಹೆಂಡತಿ ಮೊದಲು ಹೋಗುತ್ತಿದ್ದ ಫೈನಾನ್ಸ್ ಕಚೇರಿ ಬಾಗಿಲು ಹಾಕಿದ ಮೇಲೆ ಅವಳು ಮನೆಯಲ್ಲೇ ಇರಲೆಂದು ಅವನ ಆಸೆಯಾಗಿತ್ತು. ಬಿ.ಕಾಂ. ಓದಿದವಳು ಬಸ್ಸು ಹತ್ತಿ ಊರೂರು ತಿರುಗಿ ಇಡ್ಲಿ ತಿನ್ನುವುದು ಯಾವ ಸೀಮೆ ಕೆಲಸವೆಂದು ಅವನು ಕೇಳಿದ. ಬಿ.ಕಾಂ. ಓದಿದವಳು ದಿನವಿಡೀ ಹುರಳಿ ಕೇರುವುದು ಯಾವ ಸೀಮೆ ಕೆಲಸವೆಂದು ಅವಳೂ ಕೇಳಿದಳು. ಮಾತಿಗೆ ಮಾತು ಬೆಳೆಯಿತು. ಲೋಹಿತಾ ಕಣ್ಣೀರು ಹಾಕುವವಳಲ್ಲ. ಮುಸುರೆ ಪಾತ್ರೆಯನ್ನೆಲ್ಲ ಅವತ್ತು ಅವಳು ತಿಕ್ಕಿದ ಸದ್ದು ಪಕ್ಕದ ಮನೆಗೂ ಕೇಳಿಸಿತು.

ಆದರೂ ಅವಳು ಕೆಲಸ ಬಿಡಲಿಲ್ಲ. ಅಂಗಡಿಯ ವ್ಯಾಪಾರ ಮಂಕಾಗಿದ್ದ ದಿನಗಳವು. ಗ್ಯಾಸ್ ಸಿಲಿಂಡರು, ಮಾವನ ಮಾತ್ರೆ ಎರಡೂ ಅವಳ ದುಡಿಮೆಯಲ್ಲೇ ಬರುತ್ತಿದ್ದುದರಿಂದ ಯಾರೂ ಬಾಯಿಬಿಟ್ಟು ಬೇಡ ಅನ್ನುವಂತಿರಲಿಲ್ಲ. ನಾಗರತ್ನಮ್ಮ ಮಾತಾಡುವುದನ್ನು ಕಡಿಮೆ ಮಾಡಿದರು. ಸೊಸೆ ಎಲ್ಲಿಗೆ ಹೋಗುತ್ತಾಳೆಂದು ಬೀದಿಯವರು ಕೇಳಿದರೆ ಕಂಪ್ಯೂಟರ್ ಕ್ಲಾಸಿಗೆ ಎನ್ನುತ್ತಿದ್ದರು. ಹಾಗೆ ಹೇಳಿ ಒಳಗೆ ಬಂದು ಸುಳ್ಳಾಡಿದ್ದಕ್ಕೆ ವಿಭೂತಿ ಹಚ್ಚಿಕೊಳ್ಳುತ್ತಿದ್ದರು.

ಹೆಂಡತಿ ಮಾಡುವುದಾದರೂ ಏನೆಂದು ನೋಡಲು ಚಿರಂಜೀವಿ ಒಮ್ಮೆ ಕೊರಟಗೆರೆಗೆ ಜೊತೆಯಲ್ಲಿ ಹೋದ. ಅಲ್ಲಿ ಪೂರಿ ತಣ್ಣಗಿದ್ದದ್ದು ಕಂಡು ಅವನಿಗೆ ತಡೆಯಲಾಗಲಿಲ್ಲ. ಗಲ್ಲಾದವನ ಹತ್ತಿರ ಹೋಗಿ, ಸ್ವಲ್ಪ ನೋಡಿಕೊಂಡು ಮಾಡಿ, ಅಲ್ಲಿ ಕೂತವರು ಯಾರು ಗೊತ್ತಾ ಎಂದು ಕಣ್ಣು ಹೊಡೆದ. ಮರುಕ್ಷಣ ಮೇಜಿಗೆ ಬಿಸಿ ಪೂರಿ, ಕೇಳದ ಜಾಮೂನು, ತೊಳೆದ ಲೋಟ ಎಲ್ಲ ಬಂದವು. ಲೋಹಿತಾ ಅದನ್ನೂ ಇದ್ದ ಹಾಗೆ ಬರೆದು ಕಳಿಸಿ ಕಚೇರಿಯಿಂದ ಬೈಸಿಕೊಂಡಳು. ಅದಾದ ಮೇಲೆ ಅವನನ್ನು ಕರೆಯಲಿಲ್ಲ, ಅವನೂ ಬರುತ್ತೇನೆನ್ನಲಿಲ್ಲ.

ಹೀಗಿರುವಾಗ ತುಮಕೂರಿನ ಕಚೇರಿಯಿಂದ ಅನುಪಮಾ ಎಂಬ ಮೇಲಿನವರು ಫೋನು ಮಾಡಿದರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕಕ್ಕೂ ಸೇರಿ ಇನ್ನು ಮೇಲೆ ಒಬ್ಬರೇ ಸಾಕು, ಅವರಿಗೆ ಕಾಯಂ ಸಂಬಳ. ಉಳಿದವರಿಗೆ ಕೆಲಸ ಇರುವುದಿಲ್ಲ. ಅದಕ್ಕೆ ಕೊನೆಯದೊಂದು ಪರೀಕ್ಷೆ ಇದೆ. ವಯಸ್ಸಾದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ವಯಸ್ಸಾದವರಿಗೆ ತಂದಿಟ್ಟ ಒಂದು ಪದಾರ್ಥವನ್ನು ಆರಿದೆ ಎಂದು ವಾಪಸು ಕಳಿಸಿ, ಹೋಟೆಲಿನವರು ಮುಖ ಗಂಟಿಕ್ಕುತ್ತಾರೋ, ಬದಲಾಯಿಸಿ ಕೊಡುತ್ತಾರೋ ನೋಡಬೇಕು.

ಮರುಳಸಿದ್ದಯ್ಯ ತಾವು ಸಿದ್ಧ ಎಂದರು. ಆದರೆ ಅವರ ಮಂಡಿ ಬಸ್ಸಿನ ಮೆಟ್ಟಿಲು ಹತ್ತಲು ಸಿದ್ಧವಿರಲಿಲ್ಲ. ಲೋಹಿತಾಳ ತವರು ದಾವಣಗೆರೆಯ ಆಚೆ. ಅವಳು ಯಾರನ್ನೂ ಕೇಳಲಿಲ್ಲ. ಹೋದರೆ ಹೋಗಲಿ ಬಿಡಿ ಎಂದು ಹುರಳಿ ಕೇರಲು ಕೂತಳು. ಅವಳು ಹಾಗೆ ಬಾಯಿಮುಚ್ಚಿ ಕೂತದ್ದು ನಾಗರತ್ನಮ್ಮನವರಿಗೆ ಜಗಳಕ್ಕಿಂತ ಹೆಚ್ಚಿಗೆ ಚುಚ್ಚಿತು. ಎರಡು ದಿನ ನೋಡಿದರು. ಮೂರನೆಯ ದಿನ ಪೂಜೆ ಮುಗಿಸಿ ಎದ್ದವರು, "ಒಂದೇ ಸಲ ಕಣಮ್ಮ, ತಿಳ್ಕೋ" ಎಂದರು. "ಕರಿಬಸಕ್ಕನ ಕಿವಿಗೆ ಬಿದ್ರೆ ನಾನು ಶಿರಾ ದಿಕ್ಕಿಗೆ ತಲೆ ಇಡಂಗಿಲ್ಲ."

ಅವರು ಹೋದದ್ದು ಕಳ್ಳಂಬೆಳ್ಳದ ಬಳಿಯ ಹೆದ್ದಾರಿ ಹೋಟೆಲಿಗೆ. ಬಸ್ಸಿನಲ್ಲಿ ಲೋಹಿತಾ ಮೂರು ಸಲ ಪಾಠ ಒಪ್ಪಿಸಿದಳು. ತಟ್ಟೆ ಬಂದ ಮೇಲೆ ಸುಮ್ಮನೆ ಕೂತಿರಬೇಕು, ಮುಟ್ಟಬಾರದು, ಉಳಿದದ್ದನ್ನು ತಾನು ನೋಡಿಕೊಳ್ಳುತ್ತೇನೆ ಎಂದು. ನಾಗರತ್ನಮ್ಮ ತಲೆಯಾಡಿಸಿದರು. ಒಳಗೆ ಕಾಲಿಟ್ಟ ಮೇಲೆ ಆ ಗಾಜು, ಆ ದೀಪ, ಆ ಸದ್ದಿನಲ್ಲಿ ಪಾಠವೆಲ್ಲ ಎಲ್ಲಿ ಹೋಯಿತೋ. ಬಿಸಿಬೇಳೆಬಾತಿನ ತಟ್ಟೆ ಎದುರಿಗೆ ಬಂತು. ನಿಜವಾಗಿಯೂ ಆರಿಹೋಗಿತ್ತು, ಪರೀಕ್ಷೆಗೆ ಹೇಳಿ ಮಾಡಿಸಿದಂತಿತ್ತು. ಲೋಹಿತಾ ಬಡಿಸುವವನನ್ನು ಕರೆಯಲು ಆ ಕಡೆ ತಿರುಗಿದಳು. ಅಷ್ಟರಲ್ಲಿ ನಾಗರತ್ನಮ್ಮ ಅರವತ್ತು ವರ್ಷದ ಅಭ್ಯಾಸದಂತೆ ಎದೆಯ ಲಿಂಗ ಮುಟ್ಟಿಕೊಂಡು, ಕಣ್ಣುಮುಚ್ಚಿ ಅರ್ಪಿಸಿ, ಮೊದಲ ತುತ್ತು ಬಾಯಿಗಿಟ್ಟಾಗಿತ್ತು.

"ಅತ್ತೆ, ಅದನ್ನ ವಾಪಸ್ ಕಳಿಸ್ಬೇಕಿತ್ತು" ಎಂದು ಲೋಹಿತಾ ಪಿಸುಗುಟ್ಟಿದಳು.

"ಶಿವನಿಗೆ ಕೊಟ್ಟಾಯ್ತಲ್ಲಮ್ಮ. ಇನ್ನ ಇದು ಪ್ರಸಾದ. ಪ್ರಸಾದಾನ ಆರೈತೆ ಅಂತ ವಾಪಸ್ ಕಳಿಸಾದೆಂಗೆ?"

ಆಕೆ ಆರಿದ ಬಾತನ್ನು ಒಂದಗುಳು ಬಿಡದೆ ಉಂಡರು. ಆಮೇಲೆ ಮನೆಯಲ್ಲಿ ದಿನವೂ ಮಾಡುವಂತೆ ತಟ್ಟೆಗೆ ಲೋಟದ ನೀರು ಸುರಿದು, ಬೆರಳಲ್ಲಿ ತೊಳೆದು, ಆ ನೀರನ್ನು ಎತ್ತಿ ಕುಡಿದರು. ಪ್ರಸಾದದ ಒಂದು ಕಣವೂ ಚೆಲ್ಲಬಾರದೆಂದು ಜಂಗಮರ ಮನೆಯಲ್ಲಿ ಚಿಕ್ಕಂದಿನಿಂದ ಕಲಿಸುವುದೇ ಹಾಗೆ. ಪಕ್ಕದ ಮೇಜಿನವರು ತಿನ್ನುವುದು ಬಿಟ್ಟು ನೋಡಿದರು. ಇಸ್ತ್ರಿ ಅಂಗಿಯ ಮ್ಯಾನೇಜರು ಅಲ್ಲಿಗೆ ಬಂದ.

"ಅಜ್ಜಿ, ತಟ್ಟೆ ತೊಳಿಯೋಕೆ ಒಳಗೆ ಜನ ಇದಾರೆ. ಇಲ್ಲಿ ದೊಡ್ಡ ದೊಡ್ಡವರು ಬರೋ ಜಾಗ, ಇದೆಲ್ಲ ಚೆನ್ನಾಗಿರಲ್ಲ" ಎಂದ. ಯಾರೋ ನಕ್ಕರು.

ಲೋಹಿತಾಳ ಮುಖ ಕೆಂಪಾಯಿತು. ಕುರ್ಚಿ ಹಿಂದಕ್ಕೆ ತಳ್ಳಿ ಅರ್ಧ ಎದ್ದೇಬಿಟ್ಟಳು. ತಾನು ಯಾರು, ಯಾಕೆ ಬಂದೆ ಎಂಬುದೆಲ್ಲ ಅವಳ ನಾಲಿಗೆಯ ತುದಿಗೆ ಬಂದಿತ್ತು. ಮೇಜಿನ ಕೆಳಗೆ ನಾಗರತ್ನಮ್ಮ ಅವಳ ಮುಂಗೈ ಹಿಡಿದು ಕೂರಿಸಿದರು. ಬಿಂದಿಗೆ ಹೊತ್ತ ಕೈ ಅದು, ಹಿಡಿದರೆ ಬಿಡುವಂಥದ್ದಲ್ಲ.

"ಒಳಗಿರೋ ಜನಕ್ಕೆ ಒಂದು ತಟ್ಟೆ ಕಮ್ಮಿ ಆಯ್ತಲ್ಲಪ್ಪ, ಬುಡು" ಎಂದು ಮ್ಯಾನೇಜರಿಗೆ ಹೇಳಿ ಆಕೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

ಆದರೆ ಬಸ್ಸಿನಲ್ಲಿ ಆಕೆ ಮಧುಗಿರಿ ಬರುವವರೆಗೂ ಕಿಟಕಿಯ ಕಡೆಗೇ ತಿರುಗಿ ಕೂತಿದ್ದರು. ಅವಮಾನ ಆಗಿತ್ತು. ಹೋಟೆಲು ತುಳಿದ ತಪ್ಪಿಗೆ ಶಿವನೇ ಕೊಟ್ಟ ಏಟು ಎಂದೂ ಅನ್ನಿಸಿತ್ತು. ಅದರ ನಡುವೆ ಇನ್ನೊಂದು ಮಾತು ಮನಸ್ಸಿನಿಂದ ಹೋಗದು: ಹುಡುಗಿ ತಮಗೋಸ್ಕರ ಎದ್ದಿದ್ದಳು. ಕೈಗೆ ಬಂದ ಕೆಲಸ ಹಾಳಾಗುತ್ತದೆಂದು ಗೊತ್ತಿದ್ದೂ ಎದ್ದಿದ್ದಳು.

ಮನೆಯಲ್ಲಿ ಸುದ್ದಿ ಕೇಳಿ ಚಿರಂಜೀವಿ ಕೆಂಡವಾದ. ತಾಯಿಯನ್ನು ಹತ್ತು ಜನರೆದುರು ಹೀಯಾಳಿಸುವಾಗ ಸಂಬಳದ ಆಸೆಗೆ ಸುಮ್ಮನೆ ಕೂತಿದ್ದೆಯಾ ಎಂದು ಹೆಂಡತಿಯನ್ನು ಕೇಳಿದ. ರೊಟ್ಟಿ ತಟ್ಟುತ್ತಿದ್ದ ನಾಗರತ್ನಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

"ಎದ್ದಿದ್ಲು ಕಣ್ಲಾ, ನಾನೇ ಕೂರಿಸ್ದೆ. ಅವ್ಳು ಅಲ್ಲಿಗೆ ಕೆಲ್ಸಕ್ಕೆ ಹೋಗಿದ್ಲು. ನಿನ್ ಅಂಗಡಿಯಾಗೆ ಗಿರಾಕಿ ಒಂದ್ ಮಾತು ಅಂದ್ರೆ ನೀನು ಕೊಳಗ ಎತ್ಕಂಡು ಹೊಡಿತೀಯೇನ್ಲಾ?"

ಮರುಳಸಿದ್ದಯ್ಯ ಒಳಗಿನಿಂದ, ಒಂದು ಸಲ ಹೊಡೆಯಲು ಹೋಗಿದ್ದ ಎಂದು ಕೂಗಿದರು. ಚಿರಂಜೀವಿ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟ.

ಊಟವಾದ ಮೇಲೆ ಲೋಹಿತಾ ಮೊಬೈಲಿನಲ್ಲಿ ವರದಿ ಬರೆಯಲು ಕೂತಳು. ನಾಗರತ್ನಮ್ಮ ಹತ್ತಿರ ಸರಿದು ಕೂತರು. ಆ ವಾಪಸು ಕಳಿಸುವ ವಿಷಯವೊಂದೇ ತಾನೇ ಬಾಕಿ ಇರುವುದು, ಬದಲಾಯಿಸಿ ಕೊಟ್ಟರು ಅಂತ ಬರೆದುಬಿಡು, ಯಾರು ಕೇಳುತ್ತಾರೆ ಎಂದು ಮೆಲ್ಲಗೆ ಉಪಾಯ ಹೇಳಿದರು. ತಮ್ಮಿಂದ ಆದ ತಪ್ಪಿಗೆ ಸೊಸೆಯ ಕೆಲಸ ಹೋಗಬಾರದೆಂಬುದು ಅವರ ಆಸೆ.

"ನೋಡ್ದೇ ಇರೋದನ್ನ ನೋಡ್ದೆ ಅಂತ ನಾನು ಬರಿಯಲ್ಲ ಅತ್ತೆ" ಎಂದಳು ಲೋಹಿತಾ. "ಕೆಲ್ಸ ಹೋದ್ರೂ ಬರಿಯಲ್ಲ."

ಮ್ಯಾನೇಜರ ಮಾತನ್ನು ಅವನು ಆಡಿದಷ್ಟೇ ಬರೆದಳು, ಒಂದಕ್ಷರ ಕೂಡಿಸಲಿಲ್ಲ. ತಾನು ತಿಂದ ದೋಸೆಯ ಚಟ್ನಿ ಚೆನ್ನಾಗಿತ್ತೆಂದೂ ಬರೆದಳು. ಪದಾರ್ಥ ವಾಪಸು ಕಳಿಸಲಿಲ್ಲ, ಅರ್ಪಿಸಿದ ಅನ್ನವನ್ನು ನಮ್ಮ ಮನೆಯಲ್ಲಿ ತಿರುಗಿ ಕೊಡುವುದಿಲ್ಲ ಎಂದು ಅದನ್ನೂ ಬರೆದಳು. ನಾಗರತ್ನಮ್ಮ ಓದಿಸಿ ಕೇಳಿಸಿಕೊಂಡರು. ಆಮೇಲೆ ಎದ್ದು ಹೋಗಿ ಸೊಸೆಗೆ ಒಂದು ಲೋಟ ಹಾಲು ಬಿಸಿಮಾಡಿ ತಂದಿಟ್ಟರು. ಸುಳ್ಳಿಗೆ ವಿಭೂತಿ ಹಚ್ಚಿಕೊಳ್ಳುವ ತಮಗಿಂತ, ಸುಳ್ಳೇ ಬರೆಯದ ಈ ಹುಡುಗಿ ಗಟ್ಟಿಗಿತ್ತಿ ಅನ್ನಿಸಿ ಅವರಿಗೆ ಒಳಗೇ ಹಿಗ್ಗಾಯಿತು.

ಎರಡು ದಿನಕ್ಕೆ ಅನುಪಮಾ ಫೋನು ಮಾಡಿದರು. ಪರೀಕ್ಷೆ ಪೂರ್ತಿಯಾಗದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ, ಬೇಕಾದರೆ ಬೇರೆ ಹೋಟೆಲಿನಲ್ಲಿ ಇನ್ನೊಂದು ಸಲ ಮಾಡಿ, ಅದೇ ಕೊನೆ ಎಂದರು. ಲೋಹಿತಾ ಫೋನಿಟ್ಟು ತಿರುಗುವಷ್ಟರಲ್ಲಿ ನಾಗರತ್ನಮ್ಮ ಗೂಡಿನಿಂದ ಬಸ್ಸಿನ ಚೀಲ ಇಳಿಸುತ್ತಿದ್ದರು.

ಈ ಸಲ ಪಾವಗಡ. ನಾಗರತ್ನಮ್ಮ ದಾರಿಯುದ್ದಕ್ಕೂ ಯೋಚಿಸಿ ಒಂದು ಹಾದಿ ಹುಡುಕಿಕೊಂಡಿದ್ದರು. ಅನ್ನ ತಟ್ಟೆಗೆ ಬಂತು, ಸಾಂಬಾರು ಬಟ್ಟಲಲ್ಲೇ ಉಳಿಯಿತು. ಆಕೆ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಸಾಂಬಾರು ನಿಜವಾಗಿಯೂ ಆರುವವರೆಗೆ ಕಾದರು. ಸೊಸೆಯ ಕೈಲಿ ಸುಳ್ಳು ಬರೆಸಬಾರದಲ್ಲ. "ಇದು ಇನ್ನೂ ನಿನ್ ತಟ್ಟೆಗೆ ಬಂದಿಲ್ಲ ಕಣಪ್ಪ ಶಿವನೇ, ನೋಡ್ಕಂಡಿರು" ಎಂದು ತುಟಿಯಲ್ಲೇ ಅಂದು, ಬಡಿಸುವವನನ್ನು ಕರೆದು ಬಟ್ಟಲು ತೋರಿಸಿದರು.

"ಚಲ್ಲಗಾ ಅಯಿಪೋಯಿಂದಾ ಅಮ್ಮಾ? ವೇಡಿಗಾ ತೆಸ್ತಾ" ಎಂದು ತೆಲುಗಿನಲ್ಲಿ, ಆರಿದ್ದರೆ ಬಿಸಿಯದನ್ನು ತರುವುದಾಗಿ ಹೇಳಿ, ಅವನು ಗೊಣಗದೆ ಬಟ್ಟಲೆತ್ತಿಕೊಂಡು ಹೋಗಿ ಹೊಗೆಯಾಡುವ ಸಾಂಬಾರು ತಂದ. ಹಿಂದಕ್ಕೆ ಹೋದ ಸಾಂಬಾರನ್ನು ಏನು ಮಾಡುತ್ತೀರಿ ಎಂದು ನಾಗರತ್ನಮ್ಮ ಕೇಳಿದರು. ದನಕ್ಕೆ ಕಲಗಚ್ಚಿಗೆ ಹೋಗುತ್ತದೆಂದು ಕೇಳಿದ ಮೇಲೆಯೇ ಅನ್ನ ಕಲಸಿದ್ದು. ಲೋಹಿತಾ ತಲೆ ಬಗ್ಗಿಸಿ ನಗು ನುಂಗಿಕೊಂಡಳು.

ಕೆಲಸ ಅವಳಿಗೇ ಆಯಿತು. ಕಳ್ಳಂಬೆಳ್ಳದ ಮ್ಯಾನೇಜರನ್ನು ಮಾಲೀಕರು ಕರೆಸಿ ಮಾತಾಡಿದರೆಂದೂ ತಿಳಿಯಿತು. ಆದರೆ ಹೊಸ ಕೆಲಸಕ್ಕೆ ಸಹಿ ಹಾಕುವಾಗ ಗುಟ್ಟು ಇನ್ನಷ್ಟು ಬಿಗಿಯಾಯಿತು. ಕೊರಟಗೆರೆಯಲ್ಲಿ ಆದಂತೆ ಅವಳು ಯಾರೆಂದು ಇನ್ನೊಂದು ಹೋಟೆಲಿಗೆ ತಿಳಿದರೂ ಕೆಲಸ ಹೋದಂತೆಯೇ. ನಾಗರತ್ನಮ್ಮನವರ ಪಾಡು ಹೇಳತೀರದು. ಮೊದಲು ನಾಚಿಕೆಯಿಂದ ಮುಚ್ಚಿಟ್ಟಿದ್ದ ಸಂಗತಿಯನ್ನು ಈಗ ಬೀದಿಗೆಲ್ಲ ಸಾರಬೇಕೆಂದು ಅವರಿಗೆ ಆಸೆ. ನಾಲ್ಕು ತಾಲ್ಲೂಕಿನ ಹೋಟೆಲುಗಳು ತಮ್ಮ ಸೊಸೆಯ ಕೈಯಲ್ಲಿವೆ ಎಂಬ ಮಾತು ನಲ್ಲಿಯ ಹತ್ತಿರ, ಮಠದ ಜಗಲಿಯಲ್ಲಿ ಗಂಟಲವರೆಗೆ ಬಂದು ನಿಲ್ಲುತ್ತಿತ್ತು. ಯಾರಾದರೂ ಕೇಳಿದರೆ ಕಂಪ್ಯೂಟರ್ ಕ್ಲಾಸು ಎಂದೇ ಹೇಳಬೇಕು.

ತಿಂಗಳಾದ ಮೇಲೆ ಶಿರಾದಲ್ಲಿ ಕರಿಬಸಮ್ಮನ ಮೊಮ್ಮಗನಿಗೆ ಹೆಸರಿಡುವ ಶಾಸ್ತ್ರ. ಇಡೀ ಬಳಗ ಸೇರಿತ್ತು. ಹೆಂಗಸರ ಪಂಕ್ತಿಯಲ್ಲಿ ನಾಗರತ್ನಮ್ಮ, ಪಕ್ಕದಲ್ಲಿ ಲೋಹಿತಾ. ಚಿರಂಜೀವಿ ತುಪ್ಪದ ತಂಬಿಗೆ ಹಿಡಿದು ಬಡಿಸುತ್ತಿದ್ದ. ಹೋಳಿಗೆ ಬಡಿಸುತ್ತ ಬಂದ ಕರಿಬಸಮ್ಮ ಲೋಹಿತಾಳ ಎಲೆಯ ಮುಂದೆ ನಿಂತರು.

"ಮನೇದು ಇವ್ಳಿಗೆ ರುಚಿಸ್ತದೋ ಇಲ್ವೋ ಕೇಳ್ಕಂಡು ಬಡಿಸ್ಬೇಕು ನಾಗರತ್ನ" ಎಂದರು, ಪಂಕ್ತಿಗೆಲ್ಲ ಕೇಳುವಂತೆ. "ನಮ್ ಅಳಿಯ ಹೈವೇ ಹೋಟ್ಲುಗಳಿಗೆಲ್ಲ ಹಾಲು ಹಾಕ್ತಾನಲ್ಲ, ಎರಡು ಮೂರು ಕಡೆ ಕಂಡ್ನಂತೆ. ನಿನ್ ಸೊಸೆ ಒಬ್ಬಳೇ ಕೂತು ತಿಂತಿದ್ಲಂತೆ. ಯಾರಿಗೆ ಕಾಯ್ತಿದ್ಲೋ ಏನೋ."

ಪಂಕ್ತಿಯಲ್ಲಿ ಕೈಗಳು ನಿಂತವು. ಆ ಅಳಿಯ ಎದುರು ಸಾಲಿನಲ್ಲೇ ನಿಂತು ನೀರು ಬಡಿಸುತ್ತಿದ್ದ. ಒಂದು ಮಾತು ಬಾಯಿಬಿಟ್ಟರೆ ಸಂಜೆಯ ಹಾಲಿನ ಜೊತೆ ಅದು ಎಲ್ಲ ಹೋಟೆಲಿಗೂ ತಲುಪುತ್ತದೆ. ಬಾಯಿಬಿಡದಿದ್ದರೆ ಹುಡುಗಿಯ ಮೇಲೆ ಮಸಿ. ಲೋಹಿತಾ ಎಲೆಯ ಮೇಲಿನಿಂದ ಕಣ್ಣೆತ್ತಲಿಲ್ಲ. ಬೇಡ ಎನ್ನುವಂತೆ ಅತ್ತೆಯ ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದಳು. ಚಿರಂಜೀವಿ ತಂಬಿಗೆ ಹಿಡಿದು ನಿಂತಲ್ಲೇ ನಿಂತಿದ್ದ.

ನಾಗರತ್ನಮ್ಮ ನೀರು ಕುಡಿದು ಲೋಟ ಕೆಳಗಿಟ್ಟರು.

"ನಾನೇ ಕಳ್ಸಿದ್ದು ಅಕ್ಕ" ಎಂದರು.

"ನೀನಾ?"

"ಹೂಂ. ಅವ್ಳು ಬಂದು ಹೆಂಗೈತೆ ಹೇಳಿದ್ಲು. ಆಮೇಲೆ ನಾನೂ ಹೋದೆ. ಕಳ್ಳಂಬೆಳ್ಳದ ಹತ್ರ ಬಿಸಿಬೇಳೆಬಾತು ತಿಂದೆ, ಪಾವಗಡದಾಗೆ ಅನ್ನ ಸಾಂಬಾರು ತಿಂದೆ. ಪಾವಗಡದ್ದು ಚೆನ್ನಾಗಿತ್ತು."

ಸಾಲಿನ ಕೊನೆಯಲ್ಲಿ ಯಾರೋ ಮುದುಕಿ, ಹೋಟೆಲಿನ ನೀರು ಮುಟ್ಟದ ನಾಗರತ್ನಮ್ಮನಾ ಎಂದು ಪಕ್ಕದವರನ್ನು ಕೇಳಿದರು. ಆ ಪಿಸುಮಾತು ಎಲೆಯಿಂದ ಎಲೆಗೆ ದಾಟಿತು. ಕರಿಬಸಮ್ಮನ ಕೈಯಲ್ಲಿ ಹೋಳಿಗೆ ಹಾಗೇ ಉಳಿಯಿತು.

"ಇಷ್ಟು ವರ್ಷ ಕಾಪಾಡ್ಕಂಡು ಬಂದಿದ್ದ ಹೆಸ್ರು" ಎಂದರು ಅವರು. "ಇಂಗೆ ಕಳ್ಕಂಡ್ಬುಟ್ಟೆಯಲ್ಲ ನಾಗರತ್ನ."

"ಏನು ಕಳ್ಕಂಡೆ ಅಕ್ಕ? ನನ್ ಸೊಸೆ ನನ್ ಪಕ್ಕದಾಗೇ ಕೂತವ್ಳೆ" ಎಂದರು ನಾಗರತ್ನಮ್ಮ. "ಅವ್ಳಿಗೆ ಎರಡು ಹೋಳಿಗೆ ಇಕ್ಕು."

ಕರಿಬಸಮ್ಮ ಇಕ್ಕಿದರು. ಚಿರಂಜೀವಿ ಸಾಲು ದಾಟಿ ಬಂದು ಬಗ್ಗಿ, ಹೆಂಡತಿಯ ಹೋಳಿಗೆಯ ಮೇಲೆ ತುಪ್ಪ ಸುರಿದ. ಸಾಕು ಅಂದರೂ ನಿಲ್ಲಿಸಲಿಲ್ಲ. ಲೋಹಿತಾ ಬೆನ್ನು ನೆಟ್ಟಗೆ ಮಾಡಿ, ಎದುರಿನವರನ್ನೆಲ್ಲ ನೋಡುತ್ತಲೇ ಉಂಡಳು.